ತೇಗದ ಡೆಕ್ಕಿಗೆ ಮರುಳಾಗಿ ಕೊಂಡ 1980ರ ಹಾಯಿದೋಣಿ: ಎರಡು ವರ್ಷ ಬಳಸಿದ ಮೇಲೆ

ಜನವರಿಯಲ್ಲಿ ನೋಡಿ ಕೊಂಡೆವು. ಅದೇ ತಪ್ಪಾಯ್ತು. ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ಜನವರಿ ಅಂದ್ರೆ ಒಣ ಹವೆ, ಮಳೆ ಅಪರೂಪ. ಬೇಸಿಗೆಯಲ್ಲಿ ಸೈಟು ನೋಡಿ ದುಡ್ಡು ಕಟ್ಟಿ, ಮಳೆಗಾಲದಲ್ಲಿ ಅದು ಕೆರೆಯಂಗಳ ಅಂತ ಗೊತ್ತಾಗುವುದು ನಮ್ಮ ಬೆಂಗಳೂರಿನವರಿಗೆ ಹೊಸದೇನಲ್ಲ. ನಾನು ಅದನ್ನೇ ಸಮುದ್ರದ ಮೇಲೆ ಮಾಡಿದೆ.

ದೋಣಿ ತೈವಾನಿನಲ್ಲಿ ಕಟ್ಟಿದ್ದು. 34 ಅಡಿ, ಫೈಬರ್‌ಗ್ಲಾಸ್ ಮೈ, ಉದ್ದ ಕೀಲ್ (ದೋಣಿಯ ತಳದಲ್ಲಿ ಉದ್ದಕ್ಕೂ ನೀರಿಗೆ ಇಳಿದಿರುವ ಬೆನ್ನೆಲುಬಿನಂಥ ಭಾಗ). ಉಳಿದ ಅಳತೆಯೆಲ್ಲ ಮಾರಾಟದ ಜಾಹೀರಾತುಗಳಲ್ಲೇ ಸಿಗುತ್ತೆ. ನನ್ನ ಗೋಳೆಲ್ಲ ಡೆಕ್ಕಿನದ್ದು, ಅಂದ್ರೆ ದೋಣಿಯ ಮೇಲೆ ನಾವು ಓಡಾಡುವ ನೆಲದ್ದು.

ಆ ಕಾಲದ ತೈವಾನ್ ದೋಣಿಗಳಲ್ಲಿ ಫೈಬರ್‌ಗ್ಲಾಸಿನ ಮೇಲೆ ತೇಗದ ಪಟ್ಟಿ ಹೊದಿಸುತ್ತಿದ್ದರು. ನೋಡಲು ಹಳೇ ತೊಟ್ಟಿಮನೆಯ ಜಗಲಿಯಷ್ಟು ಚೆಂದ. ಆದರೆ ಪ್ರತಿ ಪಟ್ಟಿಯನ್ನೂ ಗೇಣಿಗೊಂದರಂತೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸ್ಕ್ರೂ ತಲೆಯ ಮೇಲೊಂದು ಪುಟ್ಟ ಮರದ ಬಿರಟೆ. ನಲವತ್ತು ವರ್ಷ ಉಜ್ಜಿ ತೊಳೆದರೆ ತೇಗ ಸವೆಯುತ್ತೆ, ಬಿರಟೆ ಕಿತ್ತು ಬರುತ್ತೆ, ಸ್ಕ್ರೂ ಗುಂಟ ನೀರು ಇಳಿಯುತ್ತೆ. ಕೆಳಗೆ ಎರಡು ಪದರ ಫೈಬರ್‌ಗ್ಲಾಸಿನ ನಡುವೆ ಬಾಲ್ಸಾ ಮರ ಇರುತ್ತಲ್ಲ, ಅದು ಸುಮ್ನೆ ಕುಡಿಯುತ್ತಾ ಕೂತಿರುತ್ತೆ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಸುಮಾತ್ರಾ ಬಂತು. ಮಲಕ್ಕಾ ಜಲಸಂಧಿಯ ಕಡೆ ರಾತ್ರಿ ಹೊತ್ತು ಏಕಾಏಕಿ ನುಗ್ಗುವ ಬಿರುಗಾಳಿ ಮಳೆಗೆ ಅಲ್ಲಿ ಅದೇ ಹೆಸರು. ನಾನು ಲಂಗರು ಹಿಡಿದಿದೆಯೋ ಇಲ್ಲವೋ ಅಂತ ನೋಡಿ, ಒದ್ದೆಯಾಗಿ ಒಳಗೆ ಬಂದರೆ, ನನ್ನವಳು ಹಾಸಿಗೆಯ ಮೇಲೆ ಕೊಡೆ ಹಿಡಿದು ಕೂತಿದ್ದಳು.

"ರೀ, ಹೊರಗಿಗಿಂತ ಒಳಗೇ ಜಾಸ್ತಿ ಬರ್ತಿದೆ."

ಕುಕ್ಕರ್, ಬಾಣಲೆ, ಎರಡು ಪಾತ್ರೆ, ಕೊನೆಗೆ ನನ್ನ ಶೇವಿಂಗ್ ಮಗ್ಗು, ಎಲ್ಲವನ್ನೂ ಇಟ್ಟೆವು. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದರೆ, "ಜಯನಗರದ ಮನೆ ತಾರಸಿಯೇ ಸೋರ್ತಿತ್ತಲ್ಲೋ, ಅದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದರು.

ಸೋರುವುದಕ್ಕಿಂತ ದೊಡ್ಡ ಪೀಕಲಾಟ, ಎಲ್ಲಿಂದ ಸೋರುತ್ತಿದೆ ಅಂತ ಹುಡುಕುವುದು. ನೀರು ಒಂದು ಕಡೆ ಹೊಕ್ಕು, ಒಳಛಾವಣಿಯ ಹಿಂದೆ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತೆ. ಆರು ಕಡೆ ಸೀಲಂಟ್ ಬಳಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಅಡುಗೆಯ ಅರಿಶಿನಕ್ಕೆ ನನ್ನ ಎಲೆಅಡಿಕೆ ಡಬ್ಬಿಯ ಸುಣ್ಣ ಕಲಸಿ ಒಂದು ಚೊಂಬು ಓಕುಳಿ ಮಾಡಿದೆ. ಮುಂಭಾಗದ ಎಡಗಡೆ, ಕಟಕಟೆ ಕಂಬದ ಬುಡಕ್ಕೆ ಸುರಿದು, ಕೆಳಗೆ ಬಂದು ಟಾರ್ಚ್ ಹಿಡಿದು ಕೂತೆ. ಇಪ್ಪತ್ತು ನಿಮಿಷಕ್ಕೆ, ಅಲ್ಲಿಂದ ನಾಲ್ಕಡಿ ಹಿಂದಿದ್ದ ಪುಸ್ತಕದ ಗೂಡಿನ ಮೇಲೆ ಕೆಂಪನೆ ಹನಿಯೊಂದು ಮೂಡಿ, ದಪ್ಪಗಾಗಿ, ಟಪ್ ಅಂತ ಬಿತ್ತು. ಅವತ್ತು ಆದ ಖುಷಿ ದೋಣಿ ಕೊಂಡ ದಿನವೂ ಆಗಿರಲಿಲ್ಲ.

ಕೊಳ್ಳುವ ಮುಂಚೆ ದೋಣಿ ಪರೀಕ್ಷಿಸಿದ ಸರ್ವೇಯರ್ ಮೋಸ ಮಾಡಿದ ಅಂತ ಹೇಳಲಾರೆ. ಆತ ಪುಟ್ಟ ಸುತ್ತಿಗೆಯಿಂದ ಡೆಕ್ಕನ್ನು ಮೊಳ ಮೊಳಕ್ಕೂ ತಟ್ಟಿ ನೋಡಿದ್ದ. ಒಣಗಿದ್ದ ಕಡೆ ಟಣ್ ಅಂದಿತ್ತು, ಮೂರು ನಾಲ್ಕು ಕಡೆ ಡಬ್ ಅಂದಿತ್ತು. ವರದಿಯಲ್ಲೂ ಬರೆದಿದ್ದ. ಮಡಕೆ ಬಡಿದು ನೋಡಿ ಕೊಳ್ಳುವವರ ಮನೆಯಲ್ಲಿ ಬೆಳೆದ ನಾನು ಆ ಡಬ್ ಸದ್ದನ್ನು ಕಿವಿಯಾರೆ ಕೇಳಿಯೂ, ಬೆಲೆ ನೋಡಿ ಸುಮ್ಮನಾದೆ.

ಬೆಲೆ 20,000 ಡಾಲರ್. ನಮ್ಮ ದುಡ್ಡಲ್ಲಿ ಆಗ ಹೆಚ್ಚುಕಡಿಮೆ 16.5 ಲಕ್ಷ. ಬ್ಯಾಂಕಿನಲ್ಲಿ ಫಾರಂ ತುಂಬುವಾಗ ಹುಡುಗಿ "ಕಾರಣ ಏನು ಸರ್?" ಅಂದಳು. "ದೋಣಿ" ಅಂದೆ. ಮ್ಯಾನೇಜರ್ ತಾವೇ ಎದ್ದು ಬಂದರು. 2023ರ ಅಕ್ಟೋಬರ್‌ನಿಂದ ಇಂಥ ಹಣ ಹೊರಗೆ ಕಳಿಸುವಾಗ 7 ಲಕ್ಷ ದಾಟಿದ ಭಾಗಕ್ಕೆ ಶೇಕಡಾ 20 ಟಿಸಿಎಸ್, ಅಂದ್ರೆ ಬ್ಯಾಂಕೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಿದ್ದರು. ನನಗೆ 1.9 ಲಕ್ಷ ಹಿಡಿದರು. ರಿಟರ್ನ್ ಹಾಕಿದ ಮೇಲೆ ಹೊಂದಾಣಿಕೆಯಾಗುತ್ತೆ ಅನ್ನಿ. ಆದರೆ ಆ ಮಿತಿ ತಲೆಗೊಂದರಂತೆ. ಗಂಡ ಹೆಂಡತಿ ಇಬ್ಬರ ಖಾತೆಯಿಂದಲೂ ಹಂಚಿ ಕಳಿಸಿದ್ದರೆ 50,000 ರೂಪಾಯಿಗೆ ಮುಗಿಯುತ್ತಿತ್ತು. ಇದು ಹೊಳೆದದ್ದು ವಾಪಸ್ ಬರುವಾಗ ವಿಮಾನದಲ್ಲಿ! 2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷ ಆಗಿದೆ.

ಆನೆ ಕೊಂಡವನು ಅಂಕುಶಕ್ಕೆ ಜಿಪುಣತನ ಮಾಡಿದ ಹಾಗೆ, ಡೆಕ್ಕಿಗೆ ತೇಪೆ ಹಾಕುತ್ತಲೇ ಒಂದು ವರ್ಷ ದೂಡಿದೆ. 2025ರ ಜನವರಿಯಲ್ಲಿ ದೋಣಿಯನ್ನು ದಡಕ್ಕೆತ್ತಿಸಿ ತೇಗವನ್ನೆಲ್ಲ ಕಿತ್ತು ಹಾಕಿದೆವು. ಸಾವಿರದ ನೂರು ಚಿಲ್ಲರೆ ಸ್ಕ್ರೂ. ಎಸ್‌ಪಿ ರೋಡಿನಲ್ಲಿ ಕೊಂಡ ಹತ್ತು ಡ್ರಿಲ್ ಬಿಟ್‌ಗಳಲ್ಲಿ ಏಳು ಮುರಿದವು. ಒಳಗಿನ ಬಾಲ್ಸಾ ನೆನೆಸಿದ ಹಿಂಡಿಯ ಹಾಗೆ ಕೈಗೆ ಬಂತು, ವಾಸನೆಯೂ ಹಾಗೇ. ಕೊಳೆತ ಕಡೆ ಮೇಲಿನ ಪದರ ಕತ್ತರಿಸಿ, ತಿರುಳು ಕೆರೆದು, ಫೋಮ್ ಕೂರಿಸಿ, ಎಪಾಕ್ಸಿ ಅಂಟು ಹಾಕಿ ಮುಚ್ಚಿದೆವು. ಭಾರತೀಯರಿಗೆ 2023ರ ಡಿಸೆಂಬರ್‌ನಿಂದ ಮಲೇಷ್ಯಾದಲ್ಲಿ ವೀಸಾ ಇಲ್ಲದೆ 30 ದಿನ ಇರಬಹುದು. ಆದರೆ ಈ ಕೆಲಸ ಮೂವತ್ತು ದಿನದ್ದಲ್ಲ. ಹಾಗಾಗಿ ಅರ್ಧಕ್ಕೆ ಟಾರ್ಪಾಲು ಹೊದಿಸಿ ಬೆಂಗಳೂರಿಗೆ ಬಂದು, ಮತ್ತೆ ಹೋದೆವು. ಟಿಕೆಟ್ ಸೇರಿ ನಾಲ್ಕೂವರೆ ಲಕ್ಷ ಕೈಬಿಟ್ಟಿತು. ಈಗ ಡೆಕ್ ಬಿಳಿ ಪೇಂಟಿನದ್ದು, ಮರಳು ಬೆರೆಸಿ ತರಿ ತರಿ ಮಾಡಿದ್ದು. ನೋಡಲು ಬಚ್ಚಲಮನೆ ನೆಲದ ಹಾಗಿದೆ. ಮುಂಚೆ ಪಕ್ಕದ ದೋಣಿಯವರೆಲ್ಲ ನಿಂತು ಹೊಗಳಿ ಹೋಗುತ್ತಿದ್ದರು, ಈಗ ಯಾರೂ ನಿಲ್ಲುವುದಿಲ್ಲ. ಮಧ್ಯಾಹ್ನ ಅಂಗಾಲು ಮಾತ್ರ ಸುಡುವುದಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಲೆಯ ಬಗ್ಗೆ ಹೇಳದಿದ್ದರೆ ಪಾಪ ಬರುತ್ತೆ. ಎರಡು ಬರ್ನರಿನ ಹಳೇ ಗ್ಯಾಸ್ ಒಲೆ, ತೊಟ್ಟಿಲಿನ ಹಾಗೆ ಎರಡು ಕಡೆ ತೂಗು ಹಾಕಿದೆ. ದೋಣಿ ಎಡಕ್ಕೆ ವಾಲಲಿ, ಬಲಕ್ಕೆ ವಾಲಲಿ, ಒಲೆ ಮಾತ್ರ ಸಮವಾಗಿ ನಿಂತಿರುತ್ತೆ. ಹೊಯ್ದಾಡುವ ಕಡೆ ಫಿಲ್ಟರ್ ಇಟ್ಟರೆ ಪುಡಿ ಒಂದು ಪಕ್ಕಕ್ಕೆ ಜಾರಿ ಡಿಕಾಕ್ಷನ್ ನೀರು ನೀರಾಗಿ ಇಳಿಯುತ್ತೆ ಅಂತ ಮೊದಲ ವಾರವೇ ಗೊತ್ತಾಯ್ತು. ಆಮೇಲೆ ಫಿಲ್ಟರಿಗೆ ಒಲೆಯ ಮೇಲೇ ಜಾಗ. ರಾತ್ರಿ ಹತ್ತಕ್ಕೆ ಚಿಕ್ಕಪೇಟೆಯ ಹಿತ್ತಾಳೆ ಫಿಲ್ಟರಿಗೆ ಮಲ್ಲೇಶ್ವರದ ಪುಡಿ ಮೂರು ಚಮಚ ಹಾಕಿ, ಬಿಸಿನೀರು ಹೊಯ್ದು, ಒಲೆಯ ಕಂಬಿಗಳ ನಡುವೆ ಸಿಕ್ಕಿಸಿ ಮಲಗುತ್ತೇನೆ. ಕತ್ತಲಲ್ಲಿ ಒಲೆ ಕಿರ್ ಕಿರ್ ಅಂತ ತೂಗುತ್ತಿರುತ್ತೆ. ಐದೂವರೆಗೆ ಎದ್ದು, ಮೊದಲು ದಡದ ಎರಡು ಮರ ನಿನ್ನೆ ಇದ್ದ ಜಾಗದಲ್ಲೇ ಇವೆಯಾ ಅಂತ ನೋಡಬೇಕು. ಇದ್ದರೆ ಲಂಗರು ಜಾರಿಲ್ಲ ಅಂತ ಅರ್ಥ. ಆಮೇಲೆ ಹಾಲು ಕಾಯಿಸುವುದು. ಥಾಯ್ಲೆಂಡಿನ ಫುಕೆಟ್ ಕಡೆ ಹೋಗುವಾಗ ಒಮ್ಮೆ ದೋಣಿ ಇಪ್ಪತ್ತು ಡಿಗ್ರಿ ವಾಲಿತ್ತು. ಇವಳು ಗೋಡೆಗೆ ಬೆನ್ನು ಕೊಟ್ಟು, ಕಾಲು ಊರಿಕೊಂಡು, ಎರಡು ಲೋಟ ಕಾಫಿ ಬೆರೆಸಿ ಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ನೊರೆ ಎಬ್ಬಿಸಲು ಮೇಲಿಂದ ಎತ್ತಿ ಹೊಯ್ಯುವ ಚಾಳಿಯನ್ನು ಮಾತ್ರ ಬಿಡಬೇಕಾಯ್ತು.

ಹಳೇ ದೋಣಿಯೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಸಮುದ್ರಜ್ಞಾನ ಹಲಸೂರು ಕೆರೆಯನ್ನು ಬಸ್ಸಿನಿಂದ ನೋಡಿದಷ್ಟೇ ಇತ್ತು. 2023ರಲ್ಲಿ ಅಭಿಲಾಷ್ ಟಾಮಿ ಗೋಲ್ಡನ್ ಗ್ಲೋಬ್ ಓಟದಲ್ಲಿ ಒಬ್ಬರೇ ಪ್ರಪಂಚ ಸುತ್ತಿ ಎರಡನೆಯವರಾಗಿ ಬಂದರಲ್ಲ, ಆ ಓಟದ ನಿಯಮವೇ ಹಾಗೆ: 1988ಕ್ಕಿಂತ ಮುಂಚೆ ವಿನ್ಯಾಸವಾದ, 32ರಿಂದ 36 ಅಡಿಯ, ಉದ್ದ ಕೀಲಿನ ದೋಣಿಯೇ ಆಗಬೇಕು. ಅದನ್ನು ಓದಿ ತಲೆ ಕೆಟ್ಟಿತು. ಮೈಯ ಮಟ್ಟಿಗೆ ಆ ನಂಬಿಕೆ ಸುಳ್ಳಾಗಿಲ್ಲ. ಬಿರುಗಾಳಿಯಲ್ಲಿ ಡೆಕ್ ಸೋರಿದೆ, ಮೈ ಒಂದು ಸಲವೂ ಮಿಸುಕಿಲ್ಲ. ಯಾನ್ಮಾರ್ ಎಂಜಿನ್ನು ಹೊಲದ ಪಂಪ್‌ಸೆಟ್ಟಿನ ಅಣ್ಣನ ಹಾಗೆ. ಎಣ್ಣೆ ಬದಲಿಸಿ, ನೀರಿನ ಪಂಪಿನ ಇಂಪೆಲ್ಲರ್ ಒಂದೆರಡು ಜೊತೆಯಲ್ಲಿಟ್ಟುಕೊಂಡರೆ ಸಾಕು.

ನೀವೂ ಹುಡುಕುತ್ತಿದ್ದರೆ, ತೇಗದ ಡೆಕ್ ಇಲ್ಲದ ದೋಣಿ ಹುಡುಕಿ. ಮಳೆಗಾಲದಲ್ಲೇ ಹೋಗಿ ನೋಡಿ. ಹಾಸಿಗೆ ಎತ್ತಿ ಮೂಸಿ ನೋಡಿ. ಬೆಲೆಯ ಮೂರರಲ್ಲೊಂದು ಪಾಲು ರಿಪೇರಿಗೆ ಅಂತ ಪಕ್ಕಕ್ಕಿಡಿ. ಬೆಂಗಳೂರಲ್ಲಿ ಇಎಂಐ ಕಟ್ಟುತ್ತಿರುವವರು ಈ ಕಡೆ ತಲೆ ಹಾಕಬೇಡಿ. ನಾವು ಕಾರು ಮಾರಿದೆವು, ಮೇಲಿನ ಮನೆ ಬಾಡಿಗೆಗೆ ಕೊಟ್ಟೆವು, ವರ್ಷಕ್ಕೆ ಐದು ತಿಂಗಳು ಮಾತ್ರ ದೋಣಿಯಲ್ಲಿರುತ್ತೇವೆ. ಊರಿಗೆ ತಂದು ಮಂಗಳೂರಲ್ಲಿ ಕಟ್ಟಿ ಹಾಕೋಣ ಅಂತಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ವಿಹಾರ ದೋಣಿಯ ಜಿಎಸ್‌ಟಿ ಶೇಕಡಾ 28ರಿಂದ 40ಕ್ಕೆ ಏರಿತು, ಕಸ್ಟಮ್ಸ್ ಬೇರೆ. ಲಂಕಾವಿಯಲ್ಲೇ ಇರಲಿ ಬಿಡಿ.

ಮೊನ್ನೆ ಹೊರಡುವ ಮುಂಚೆ ಸ್ನಾನದ ಕೋಣೆಯ ಮೂಲೆಯಲ್ಲಿ ಹೊಸದೊಂದು ಕಲೆ ಕಂಡಿತು. ಡಿಸೆಂಬರಿಗೆ ಹೋಗುವಾಗ ಕಾಫಿಪುಡಿ ಎರಡು ಕೆ.ಜಿ., ಅರಿಶಿನ ಕಾಲು ಕೆ.ಜಿ. ಅಂತ ಇವಳು ಪಟ್ಟಿ ಶುರು ಮಾಡಿದ್ದಾಳೆ.