ದುಬೈಗೆ ಜೀನ್ಸ್ ಕಳಿಸಲು ಎಲ್‌ಸಿಎಲ್ ಸೇವೆ: ಅಳತೆಗೆ ಪೂರ್ತಿ ಅಂಕ, ಕೊಟೇಶನ್‌ಗೆ ಇಲ್ಲ

ನಮ್ಮದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯೂನಿಟ್. ಪೂರ್ತಿ ಕಂಟೇನರ್ ತುಂಬುವಷ್ಟು ಮಾಲು ಆಗುವುದಿಲ್ಲ. ಅದಕ್ಕೇ ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರ್‌ನಲ್ಲಿ ಹೋಗುವ ಎಲ್‌ಸಿಎಲ್. ಲಾರಿಯಲ್ಲಿ ಚೆನ್ನೈ ಗೋದಾಮಿಗೆ, ಅಲ್ಲಿಂದ ಹಡಗಿನಲ್ಲಿ ದುಬೈನ ಬಂದರು ಜೆಬೆಲ್ ಅಲಿಗೆ.

ಹೀಗೆ ಮಾಲು ಸಾಗಿಸಿಕೊಡುವ ನಮ್ಮ ಫಾರ್ವರ್ಡರ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಅಳತೆ. ಒಂದು ಘನ ಮೀಟರ್ ಅಥವಾ 1000 ಕಿಲೋ, ಯಾವುದರ ಲೆಕ್ಕ ಜಾಸ್ತಿ ಬರುತ್ತೋ ಅದಕ್ಕೆ ಬಾಡಿಗೆ. ಜೀನ್ಸ್ ಎಷ್ಟೇ ಭಾರ ಅನಿಸಿದರೂ ಜಾಗದ ಲೆಕ್ಕವೇ ಮೇಲಾಗುತ್ತದೆ. 60×40×40 ಸೆಂ.ಮೀ. ಬಾಕ್ಸ್ 100 ಇದ್ದರೆ 9.6 ಘನ ಮೀಟರ್. ಮುಚ್ಚಳ ಉಬ್ಬಿ ಎತ್ತರ 44 ಆಯಿತೋ, 10.56! ಗೋದಾಮಿನಲ್ಲಿ ಅಳತೆ ಟೇಪ್ ಇಡುವುದೂ ಉಬ್ಬಿದ ಕಡೆಯೇ. ಇವರು ಪ್ರತಿ ಸಲ ಟೇಪ್ ಹಿಡಿದ ಫೋಟೋ ಕಳಿಸುತ್ತಾರೆ, ಅಂಕಿ ಕಾಣುವ ಹಾಗೆ. ಜಗಳಕ್ಕೆ ಜಾಗವೇ ಇಲ್ಲ.

ಆ ಫೋಟೋ ಬರಲು ಶುರುವಾದ ಮೇಲೆ ನಮ್ಮ ಪ್ಯಾಕಿಂಗೇ ಬದಲಾಯಿತು. ಈಗ ಒಂದು ಪ್ಯಾಂಟಿನ ಸೊಂಟ ಆ ಕಡೆ, ಇನ್ನೊಂದರದು ಈ ಕಡೆ. ಸೊಂಟದ ಪಟ್ಟಿ ದಪ್ಪ, ಒಂದೇ ಕಡೆ ಬಿದ್ದರೆ ಉಬ್ಬುತ್ತದೆ. ಸಮುದ್ರದಲ್ಲಿ ಕಂಟೇನರ್ ಒಳಗೆ ತೇವ ಕಟ್ಟುತ್ತದಲ್ವಾ, ಅದಕ್ಕೆ ಸಿಲಿಕಾ ಜೆಲ್ ಪೊಟ್ಟಣ. ಆಮೇಲೆ ಮೇಲೊಂದು ಹಲಗೆ ಇಟ್ಟು ನಮ್ಮ ಇಸ್ತ್ರಿ ಅಣ್ಣ ಎರಡೂ ಕೈಯಿಂದ ಒತ್ತುತ್ತಾರೆ, ಇನ್ನೊಬ್ಬರು ಟೇಪ್ ಅಂಟಿಸುತ್ತಾರೆ. ಲಾರಿ ಬರುವ ಮುಂಚೆ ಪ್ರತಿ ಬಾಕ್ಸನ್ನೂ ನಾನೇ ಅಳೆಯುತ್ತೇನೆ. ಆ ಕೆಲಸ ನನಗೆ ಇಷ್ಟ.

ಇಷ್ಟೆಲ್ಲ ಜೋಪಾನ ಮಾಡಿ ಉಳಿಸಿದ್ದು ದುಬೈನಲ್ಲಿ ಹೋಗುತ್ತದೆ. ಇವರ ಕೊಟೇಶನ್‌ನಲ್ಲಿ ಸಮುದ್ರದ ಬಾಡಿಗೆ ತೀರಾ ಕಡಿಮೆ. ಆದರೆ ಅಲ್ಲಿ ಕಂಟೇನರ್ ಬಿಚ್ಚುವ ಖರ್ಚು, ಡೆಲಿವರಿ ಆರ್ಡರ್ (ಮಾಲು ಬಿಡಿಸಿಕೊಳ್ಳುವ ಪತ್ರ) ಚಾರ್ಜು, ಗೋದಾಮಿನ ಹ್ಯಾಂಡ್ಲಿಂಗ್ ಎಲ್ಲ ಅಲ್ಲಿನ ಏಜೆಂಟ್ ಮಾಲು ಕೊಳ್ಳುವ ನಮ್ಮ ಪಾರ್ಟಿ ಹತ್ತಿರ ವಸೂಲಿ ಮಾಡುತ್ತಾನೆ. ಬಾಡಿಗೆ ನಾವೇ ಕಟ್ಟಿದರೂ ಇದು ತಪ್ಪುವುದಿಲ್ಲ. ಕೊಟೇಶನ್‌ನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಪಾರ್ಟಿ ಫೋನ್ ಮಾಡಿ ಕೂಗಾಡಿದರು. ಮುಂದಿನ ಆರ್ಡರ್‌ನಲ್ಲಿ ಆ ದುಡ್ಡು ನಮ್ಮ ರೇಟಿನಿಂದಲೇ ಕಡಿತ. ಪ್ಯಾಂಟಿಗೆ ಕೆಲವೇ ರೂಪಾಯಿ ಉಳಿಯುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಕೇಳಿದರೆ ಪಟ್ಟಿ ಕೊಡುತ್ತಾರೆ, ನಿಜ. ಕೇಳದೆಯೇ ಕೊಡಬೇಕಿತ್ತು.

ಹತ್ತು ಘನ ಮೀಟರ್ ಒಳಗಿನ ಮಾಲಿಗೆ ಇವರನ್ನೇ ಮುಂದುವರಿಸುತ್ತೇನೆ. ಆದರೆ ಎರಡೂ ಬಂದರಿನ ಖರ್ಚು ಬರೆದು ಕೊಡದಿದ್ದರೆ ಲಾರಿ ಹತ್ತಿಸುವುದಿಲ್ಲ. ಮಾಲು ಹದಿನೈದು ದಾಟಿದ ದಿನ 20 ಅಡಿ ಕಂಟೇನರ್‌ನ ರೇಟನ್ನೂ ತರಿಸಿ ನೋಡುತ್ತೇನೆ.