ಒಂದೆಲಗದ ಸಸಿ: ಹಲವು ವರ್ಷ ಬಾಲ್ಕನಿಯಲ್ಲಿ ಬೆಳೆದ ಮೇಲಿನ ಅಭಿಪ್ರಾಯ

ನರ್ಸರಿಯಲ್ಲಿ ಮೂವತ್ತು ರೂಪಾಯಿ ಕೊಟ್ಟು ತಂದ ಒಂದೆಲಗದ ಸಸಿಯಷ್ಟು ಸಾರ್ಥಕವಾದ ಖರ್ಚು ನಮ್ಮ ಕುಂಡಗಳ ತೋಟದಲ್ಲಿ ಇನ್ನೊಂದಿಲ್ಲ. ಬೆಂಗಳೂರಿನ ನಮ್ಮ ಪೂರ್ವಾಭಿಮುಖ ಬಾಲ್ಕನಿಯಲ್ಲಿ ಅದರ ಬಳ್ಳಿ ವರ್ಷಗಳಿಂದ ಹಬ್ಬುತ್ತಲೇ ಇದೆ. ವಾರಕ್ಕೊಮ್ಮೆಯಾದರೂ ಅಡುಗೆಮನೆಗೆ ಒಂದು ಹಿಡಿ ಎಲೆ ಸಿಗುತ್ತದೆ.

ಕೊಳ್ಳುವಾಗ ಚೀಟಿಯನ್ನು ನಂಬಬೇಡಿ, ಎಲೆಯನ್ನು ನೋಡಿ. ಒಂದೆಲಗವನ್ನೂ ಬಕೋಪಾ ಎಂಬ ಬೇರೊಂದು ಗಿಡವನ್ನೂ ಬ್ರಾಹ್ಮಿ ಎಂದೇ ಕರೆಯುತ್ತಾರೆ. ಬ್ರಾಹ್ಮಿ ಬೇಕೆಂದು ಕೇಳಿದಾಗ ಒಂದು ನರ್ಸರಿಯವರು ನನಗೆ ಕೊಟ್ಟದ್ದು ಬಕೋಪಾ. ಅದರ ದಪ್ಪನೆಯ ಪುಟ್ಟ ಎಲೆಗಳು ಕಾಂಡದ ಮೇಲೆ ಜೋಡಿಜೋಡಿಯಾಗಿರುತ್ತವೆ, ಹೂವು ಬಿಳಿ ಅಥವಾ ತಿಳಿನೀಲಿ. ಅದೂ ಔಷಧೀಯ ಸಸ್ಯವೇ, ಆದರೆ ತಂಬುಳಿಗೆ ಬೇಕಾದದ್ದು ಅದಲ್ಲ. ಒಂದೆಲಗದಲ್ಲಿ ಉದ್ದನೆಯ ತೊಟ್ಟಿನ ತುದಿಗೆ ಅಂಚು ಕಚ್ಚುಕಚ್ಚಾದ ಒಂದೇ ದುಂಡನೆಯ ಎಲೆ ಇರುತ್ತದೆ. ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬಕ್ಕೇ ಸೇರಿದ ಗಿಡ ಇದು. ಹೂವನ್ನು ಹುಡುಕಿ ನೋಡಬೇಕು: ಎಲೆಗಳ ಅಡಿಯಲ್ಲಿ, ಮಣ್ಣಿಗೆ ತಾಗಿದಂತೆ, ಮೂರ್ನಾಲ್ಕು ನಸುಗೆಂಪು ಹೂಗಳ ಸಣ್ಣ ಗೊಂಚಲು. ಕಂಡಾಗಲೆಲ್ಲ ಮನಸ್ಸು ಅರಳುತ್ತದೆ.

ಆಳದ ಕುಂಡ ಇದಕ್ಕೆ ವ್ಯರ್ಥ. ಬಳ್ಳಿ ನೆಲದ ಮೇಲೆ ಓಡುತ್ತಾ ಗೆಣ್ಣುಗೆಣ್ಣಿಗೂ ಬೇರು ಬಿಡುವುದರಿಂದ ಅಗಲವಾದ, ಗೇಣುದ್ದವೂ ಆಳವಿಲ್ಲದ ಟ್ರೇ ಸಾಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೇವ ಹಿಡಿದಿಡಲು ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸುತ್ತೇನೆ. ಬೆಳಗಿನ ಎಳೆಬಿಸಿಲು ಇದಕ್ಕೆ ಇಷ್ಟ. ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಪೂರಾ ನೆರಳಿನಲ್ಲಿಟ್ಟರೆ ತೊಟ್ಟು ಮಾತ್ರ ಉದ್ದವಾಗಿ ಎಲೆ ತೆಳ್ಳಗಾಗುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ, ಗದ್ದೆಯ ಬದುಗಳಲ್ಲಿ ತಾನಾಗಿ ಬೆಳೆಯುವ ಗಿಡಕ್ಕೆ ಬೇಕಾದದ್ದು ಆ ಅರೆನೆರಳು, ಆರದ ತೇವ. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೂ ಮುನಿಸಿಕೊಳ್ಳುತ್ತದೆ. ಇದರ ದೊಡ್ಡ ಕೊರತೆ ಇದೇ, ಊರಿಗೆ ಹೋಗುವವರು ಯೋಚಿಸಬೇಕು. ಮಳೆಗಾಲದಲ್ಲಿ ಬಸವನಹುಳುಗಳ ಕಾಟವೂ ಇದೆ. ಸಂಜೆ ಕೈಯಿಂದ ಹೆಕ್ಕಿ ತೆಗೆಯುತ್ತೇನೆ, ತಿನ್ನುವ ಸೊಪ್ಪಿಗೆ ವಿಷ ಹೊಡೆಯುವ ಮಾತೇ ಇಲ್ಲ.

ತಂಬುಳಿಗೆ ಒಂದು ಹಿಡಿ ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ ಸಾಸಿವೆ ಒಗ್ಗರಣೆ ಕೊಡುತ್ತೇವೆ. ಕುದಿಸಬಾರದು. ಎಲೆ ಹೆಚ್ಚಾದರೆ ಕಹಿ ಮುಂದೆ ಬರುತ್ತದೆ. ಕರಾವಳಿಯ ತಿಮರೆ (ತುಳುವಿನಲ್ಲಿ ಒಂದೆಲಗ) ಚಟ್ನಿಗೆ ಹಸಿ ಎಲೆಯೇ ಚೆನ್ನ. ಹುಣಸೆ, ಮೆಣಸಿನಕಾಯಿ, ಕಾಯಿತುರಿ ಸೇರಿದರೆ ಕುಚ್ಚಲಕ್ಕಿ ಗಂಜಿಗೆ ಅದಕ್ಕಿಂತ ಬೇರೆ ಏನು ಬೇಕು? ಪ್ಯಾಕೆಟ್‌ನಲ್ಲಿ ಮಾರುವ ಒಣಪುಡಿಯಲ್ಲಿ ಈ ಪರಿಮಳದ ನೆರಳೂ ಇಲ್ಲ.

ಮಕ್ಕಳ ನೆನಪಿನ ಶಕ್ತಿಗೆಂದೇ ಇದನ್ನು ಕೊಳ್ಳುವವರಿದ್ದಾರೆ. ಆಯುರ್ವೇದದಲ್ಲಿ ಇದಕ್ಕೆ ಆ ಮನ್ನಣೆ ಉಂಟು, ಆದರೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಅದನ್ನು ಖಚಿತಪಡಿಸಿಲ್ಲ. ಗಾಯ ಮಾಯಿಸುವ ಗುಣಕ್ಕೆ ಆಧಾರ ಅದಕ್ಕಿಂತ ಗಟ್ಟಿ. ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶವನ್ನು ಚರ್ಮದ ಮುಲಾಮುಗಳಲ್ಲಿ ಬಳಸುತ್ತಾರೆ. ನಾನು ಇದನ್ನು ಸೊಪ್ಪೆಂದೇ ತಿನ್ನುತ್ತೇನೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು ಔಷಧವಾಗಿ ಸೇವಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಈ ಗಿಡ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಚರಂಡಿ ಬದಿಯಲ್ಲಿ ಕಿತ್ತದ್ದೋ ಏನೋ ತಿಳಿಯದ ಸಂತೆಯ ಕಟ್ಟಿಗಿಂತ ಮನೆಯ ಟ್ರೇಯನ್ನೇ ನಾನು ನಂಬುತ್ತೇನೆ.

ಒಂದಕ್ಕಿಂತ ಹೆಚ್ಚು ಸಸಿ ಕೊಳ್ಳುವ ಅಗತ್ಯವಿಲ್ಲ. ಬೀಜದ ಗೋಜಿಗೂ ಹೋಗಬೇಡಿ. ಬೇರು ಬಿಟ್ಟ ಎರಡು ಗೆಣ್ಣಿರುವ ಬಳ್ಳಿಯ ತುಂಡನ್ನು ಜೂನ್ ತಿಂಗಳಲ್ಲಿ ನೆಟ್ಟರೆ ಗಣೇಶನ ಹಬ್ಬದ ಹೊತ್ತಿಗೆ ಕೊಯ್ಯಬಹುದು. ಪಕ್ಕದ ಮನೆಯಲ್ಲಿ ಇದ್ದರೆ ಅವರನ್ನೇ ಕೇಳಿ, ನರ್ಸರಿಗೆ ಹೋಗುವ ಖರ್ಚೂ ಉಳಿಯುತ್ತದೆ.