ಹಿಮಾಲಯನ್‌ಗೆ ರೈಸರ್ ಹಾಕಿಸಿದೆ: ಸೊಂಟ ಉಳೀತು, ಕೇಬಲ್ ಕೈಕೊಡ್ತು

ನನ್ನದು ಆರಡಿ ಎತ್ತರ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಕೂತು ಓಡಿಸೋಕೆ ಚೆನ್ನಾಗೇ ಇದೆ, ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಎದ್ದು ನಿಂತರೆ ಹ್ಯಾಂಡಲ್ ಕೈಗೆ ಸಿಗೋಕೆ ಬಗ್ಗಬೇಕಿತ್ತು. ಅದಕ್ಕೇ ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ, ಹ್ಯಾಂಡಲ್‌ನ 30 ಎಂಎಂ ಮೇಲೆತ್ತುವ ಅಲ್ಯೂಮಿನಿಯಂ ರೈಸರ್ ತಗೊಂಡೆ.

ವಸ್ತು ಗಟ್ಟಿಯಾಗಿದೆ, ಬೋಲ್ಟೂ ಪರವಾಗಿಲ್ಲ. ಹಾಕಿದ ರೀತಿಯೇ ಸರಿ ಇರಲಿಲ್ಲ. ಅಂಗಡಿ ಹುಡುಗ ಹತ್ತೇ ನಿಮಿಷದಲ್ಲಿ "ಆಯ್ತು ಸಾರ್" ಅಂದ. ಮನೆ ಹತ್ತಿರ ಯೂ ಟರ್ನ್ ತಗೊಳ್ಳುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿದ್ದೇ ತಡ, ನಾನು ಆಕ್ಸಿಲರೇಟರ್ ಮುಟ್ಟದಿದ್ದರೂ ಇಂಜಿನ್ ಭರ್ರ್ ಅಂತ ರೇಸ್ ಆಯ್ತು. ಎದೆ ಧಸಕ್ ಅಂತು! ಹ್ಯಾಂಡಲ್ ಮೇಲೆ ಹೋದಷ್ಟೂ ಆಕ್ಸಿಲರೇಟರ್ ಕೇಬಲ್ ಬಿಗಿಯಾಗುತ್ತೆ ಅಲ್ವಾ, ಅದನ್ನು ಯಾರೂ ನೋಡಿರಲಿಲ್ಲ. ಟ್ಯಾಂಕ್ ಮೇಲೆ ಹಳೇ ಟವೆಲ್ ಹಾಸಿ, ಕೇಬಲ್ ಕಟ್ಟಿದ್ದ ಟ್ಯಾಗ್ ಬಿಚ್ಚಿ, ಸ್ವಲ್ಪ ಸಡಿಲ ಬರುವ ಹಾಗೆ ಬೇರೆ ದಾರಿಯಲ್ಲಿ ಎಳೆದೆ. ಮುಂದಿನ ಬ್ರೇಕ್ ಹೋಸ್ ಉದ್ದ ಪುಣ್ಯಕ್ಕೆ ಸಾಕಾಯ್ತು.

ಆಮೇಲೆ ಸಕಲೇಶಪುರಕ್ಕೆ ಹೋಗಿ ಬಂದೆ. ಸೊಂಟ, ಭುಜ ನೋವಿಲ್ಲ, ನಿಂತು ಓಡಿಸೋದು ಈಗ ಸುಖ. ಹೈವೇನಲ್ಲಿ ಎದೆಗೆ ಗಾಳಿ ಮಾತ್ರ ಜಾಸ್ತಿ.

ರೈಸರ್‌ಗೆ ಐದಕ್ಕೆ ನಾಲ್ಕು, ಫಿಟ್ಟಿಂಗ್‌ಗೆ ಒಂದು. ನೀವು ಹಾಕಿಸಿದರೆ ಅಂಗಡಿ ಮುಂದೆಯೇ ಗಾಡಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.